ರೇಟ್ ಕೇಳಿ ಹೋದವರು ಮತ್ತೆ ಬರ್ತಾರಾ? ಅಂಗಡಿಯವರಿಗೆ ಒಂದು ನೋಟ್‌ಬುಕ್ಕಿನ ಲೆಕ್ಕ

ಕೆಂಗಲ್: ಹಳೇ ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಗಳಿಗೆ ಕೆಲವು ವರ್ಷಗಳ ಹಿಂದಿನವರೆಗೂ ಗಿರಾಕಿಯನ್ನು ಹುಡುಕುವ ಕೆಲಸವೇ ಇರಲಿಲ್ಲ. ಮೈಸೂರಿಗೆ ಹೋಗುವ ಕಾರು, ಟೂರಿಸ್ಟ್ ಬಸ್ಸುಗಳು ಕೆಂಗಲ್ ಆಂಜನೇಯಸ್ವಾಮಿ ದೇವಸ್ಥಾನ ದಾಟಿ ಚನ್ನಪಟ್ಟಣದೊಳಗೇ ಹೋಗಬೇಕಿತ್ತು. ಬಾಗಿಲಲ್ಲಿ ಮರದ ಕುದುರೆ ಇಟ್ಟರೆ ಸಾಕು, ಗಾಡಿ ತಾನಾಗೇ ನಿಲ್ಲುತ್ತಿತ್ತು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬೈಪಾಸ್ ಮಾಡಿತು. ದೂರದ ಕಾರುಗಳು ಅತ್ತ ಹೋದವು. ಹಳೇ ರಸ್ತೆಯಲ್ಲಿ ಉಳಿದಿದ್ದು ಬೈಕು, ಊರೂರಿಗೆ ನಿಲ್ಲುವ ಬಸ್ಸು, ದೇವಸ್ಥಾನಕ್ಕೆ ಬರುವ ಭಕ್ತರು. ಗಿರಾಕಿ ಕಡಿಮೆಯಾದಾಗ, ಒಳಗೆ ಬಂದ ಒಬ್ಬೊಬ್ಬರೂ ಮುಖ್ಯ. ಆದರೆ ‘ಆಮೇಲೆ ಬರ್ತೀವಿ’ ಅಂತ ಹೋದವರ ಹೆಸರು ಎಷ್ಟು ಅಂಗಡಿಯಲ್ಲಿ ಬರೆದಿಟ್ಟಿರ್ತಾರೆ?

ಮೊದಲು ಹುಡುಕಬೇಕಾದ್ದು ಅಂಗಡಿಯೊಳಗೆ

ಹೊಸ ಗಿರಾಕಿಗೆ ಊರೆಲ್ಲಾ ಅಲೆಯುವ ಮೊದಲು ಹಳೇ ಬಿಲ್ ಪುಸ್ತಕ, ಫೋನ್ ತೆಗೆದು ನೋಡಿ. ಕಳೆದ ವರ್ಷ ಗೃಹಪ್ರವೇಶಕ್ಕೆ 100 ಗೊಂಬೆ ಒಯ್ದವರು, ನಾಮಕರಣಕ್ಕೆ ಗಿಲಕಿ ಕೇಳಿದವರು ಅಲ್ಲೇ ಇರುತ್ತಾರೆ. ಒಮ್ಮೆ ಕೊಂಡವರಿಗೆ ನಿಮ್ಮ ಮಾಲು ಗೊತ್ತು, ಮಾತಾಡುವುದು ಸುಲಭ.

ಆಮೇಲೆ ಒಟ್ಟಿಗೆ ಹೆಚ್ಚು ಕೊಳ್ಳುವವರ ಪಟ್ಟಿ ಮಾಡಿ: ನರ್ಸರಿ ಶಾಲೆ, ಕಲ್ಯಾಣ ಮಂಟಪ, ರೆಸಾರ್ಟ್, ಹೋಂಸ್ಟೇ, ಬಿಡದಿ ಕಡೆಯ ಕಾರ್ಖಾನೆ, ಬೆಂಗಳೂರಿನ ಗಿಫ್ಟ್ ಅಂಗಡಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು, ಫೋಟೊ, ಸಮಯ ಹಾಕುವುದಕ್ಕೆ ದುಡ್ಡು ಕೊಡಬೇಕಿಲ್ಲ. ಎಕ್ಸ್‌ಪ್ರೆಸ್‌ವೇ ಬಿಟ್ಟು ಒಳಗೆ ಬರುವವರು ದಾರಿ ಹುಡುಕುವುದು ಅದರಲ್ಲೇ.

ಐದು ಕಾಲಂ ಸಾಕು

ಕಂಪ್ಯೂಟರ್ ಬೇಕಿಲ್ಲ, ಒಂದು ಉದ್ದನೆ ನೋಟ್‌ಬುಕ್ ಸಾಕು. ತಾರೀಖು, ಹೆಸರು–ಊರು, ಮೊಬೈಲ್ ನಂಬರ್, ಏನು ಎಷ್ಟು ಕೇಳಿದರು, ಮತ್ತೆ ಯಾವಾಗ ಫೋನ್ ಮಾಡಬೇಕು. ಐದನೇ ಕಾಲಂ ಖಾಲಿ ಬಿಟ್ಟರೆ ಉಳಿದ ನಾಲ್ಕೂ ದಂಡ. ದಿನಕ್ಕೆ ಇಬ್ಬರ ನಂಬರ್ ಸಿಕ್ಕರೂ ತಿಂಗಳಿಗೆ 60 ಹೆಸರಾಯಿತು.

ಹೆಸರಿನ ಮುಂದೆ ಒಂದು ಗುರುತು ಹಾಕಿ. ತಾರೀಖು, ಲೆಕ್ಕ ಎರಡೂ ಹೇಳಿದವರು ‘1’. ಕಾರ್ಯಕ್ರಮ ಇದೆ, ಇನ್ನೂ ತೀರ್ಮಾನ ಆಗಿಲ್ಲ ಅಂದವರು ‘2’. ಸುಮ್ಮನೆ ರೇಟ್ ಕೇಳಿದವರು ‘3’. ‘1’ಕ್ಕೆ ಮಾರನೇ ದಿನವೇ ಫೋನ್, ‘2’ಕ್ಕೆ ಅವರು ಹೇಳಿದ ದಿನ, ‘3’ಕ್ಕೆ ಹಬ್ಬದ ಹೊತ್ತಿಗೆ ಒಂದು ಮೆಸೇಜ್. ಎಲ್ಲರಿಗೂ ಒಂದೇ ಸಲ ಫೋನ್ ಮಾಡಲು ಕೂತರೆ ಕೊಳ್ಳುವವರೇ ಕೈತಪ್ಪುತ್ತಾರೆ.

ಫೋನ್‌ನಲ್ಲೇ ಇಟ್ಟುಕೊಳ್ಳುವವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಲೇಬಲ್’ ಇದೆ, ಇದೇ ಗುರುತನ್ನು ಅಲ್ಲಿ ಹಾಕಬಹುದು. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲುಪುತ್ತದೆ. ಹಾಗಾಗಿ ಅವರ ನಂಬರ್ ಬರೆದುಕೊಳ್ಳುವಾಗಲೇ ‘ನಮ್ಮದೂ ಸೇವ್ ಮಾಡ್ಕೊಳಿ ಸಾರ್’ ಅಂತ ಹೇಳಬೇಕು.

ಕೇಳಿ ಬರೆದುಕೊಳ್ಳಿ

‘ಹೊಸ ಮಾಲು ಬಂದರೆ ತಿಳಿಸಲಾ ಅಮ್ಮ?’ ಅಂತ ಕೇಳಿ, ಹೂಂ ಅಂದರೆ ಮಾತ್ರ ಬರೆದುಕೊಳ್ಳಿ. ಬೇರೆಯವರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಬಾರದು ಎಂಬುದಕ್ಕೆ 2023ರಲ್ಲಿ ಕಾಯ್ದೆಯೇ ಬಂದಿದೆ. ಸಾವಿರಗಟ್ಟಲೆ ನಂಬರ್ ಮಾರುವವರಿಂದ ಪಟ್ಟಿ ಕೊಳ್ಳುವುದು ದುಡ್ಡೂ ದಂಡ, ಹೆಸರಿಗೂ ಕೆಟ್ಟದ್ದು. ಬೇಡ ಅಂದವರ ಹೆಸರಿಗೆ ಅಂದೇ ಗೆರೆ ಎಳೆಯಿರಿ.

ಕ್ಯಾಲೆಂಡರ್ ನೋಡಿ ಫೋನ್

ಸಂಕ್ರಾಂತಿ ಹೊತ್ತಿಗೆ ಅಯ್ಯನಗುಡಿ ದನಗಳ ಜಾತ್ರೆ. ಮೇ ಕೊನೆಗೆ ಶಾಲೆ ಶುರು. ಆಮೇಲೆ ದಸರಾ ಗೊಂಬೆ, ದೀಪಾವಳಿ ಗಿಫ್ಟು. ಒಟ್ಟಿಗೆ ಕೊಳ್ಳುವವರು ಹಬ್ಬದ ಹಿಂದಿನ ದಿನ ಆರ್ಡರ್ ಕೊಡುವುದಿಲ್ಲ. ಅರಗಿನ ಬಣ್ಣ ಹಾಕಿ ಗೊಂಬೆ ತಯಾರಾಗಲೂ ದಿನ ಬೇಕು. ತಿಂಗಳೊಪ್ಪತ್ತು ಮೊದಲೇ ಫೋನ್ ಮಾಡಿ. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಇದೆ ಅನ್ನುವುದನ್ನೂ ಹೇಳಿ. ಬೆಂಗಳೂರಿನ ಗಿರಾಕಿಗೆ ಅದು ಬೆಲೆ ಇರುವ ಮಾತು.

ಬೇಕರಿ, ಟೈಲ್ಸ್, ಶಾಮಿಯಾನದ ಅಂಗಡಿಗೂ ಲೆಕ್ಕ ಇದೇ, ಹಬ್ಬ ಮಾತ್ರ ಬೇರೆ. ರಾತ್ರಿ ಶಟರ್ ಎಳೆಯುವ ಮೊದಲು ಗಲ್ಲಾ ಎಣಿಸಿದ ಹಾಗೆ ನೋಟ್‌ಬುಕ್ಕನ್ನೂ ಒಮ್ಮೆ ತೆರೆದು, ನಾಳೆ ಯಾರಿಗೆ ಫೋನ್ ಮಾಡಬೇಕು ಅಂತ ನೋಡಿಕೊಂಡರೆ ಆಯಿತು.