ಯೋಗ ಅಂದ್ರೆ ಬರೀ ಜೂನ್ 21ರ ಕಾರ್ಯಕ್ರಮವಲ್ಲ: ಅರ್ಥ, ಮೂಲ, ಲಾಭ ತಿಳಿಯಿರಿ

ಹುನ್ನೂರ: ಜೂನ್ 21 ಬಂತೆಂದರೆ ಶಾಲೆಯ ಮೈದಾನ, ಸಮುದಾಯ ಭವನಗಳಲ್ಲಿ ಜಮಖಾನೆ ಹಾಸಿ ಯೋಗ ಮಾಡುವುದು ಈಗ ಎಲ್ಲ ಕಡೆ ರೂಢಿ. ಮರುದಿನ ಮಡಚಿಟ್ಟ ಜಮಖಾನೆ ಮತ್ತೆ ಬಿಚ್ಚುವುದು ಮುಂದಿನ ಜೂನ್‌ಗೆ! ಆದರೆ ಯೋಗದ ಲಾಭ ಸಿಗುವುದು ದಿನಾ ಸ್ವಲ್ಪ ಸ್ವಲ್ಪ ಮಾಡಿದವರಿಗೆ ಮಾತ್ರ.

ಯೋಗ ಅಂದರೇನು?

'ಯೋಗ' ಸಂಸ್ಕೃತದ 'ಯುಜ್' ಧಾತುವಿನಿಂದ ಬಂದ ಪದ. ಕೂಡಿಸು, ಜೋಡಿಸು ಎಂದು ಅರ್ಥ. ಸಂಸ್ಕೃತದಲ್ಲಿ ನೊಗಕ್ಕೆ 'ಯುಗ' ಎನ್ನುತ್ತಾರೆ, ಅದೂ ಇದೇ ಧಾತುವಿನದು. ರೈತರಿಗೆ ಬೇರೆ ಉದಾಹರಣೆ ಬೇಕಿಲ್ಲ. ಒಂದು ಎತ್ತು ಅತ್ತ, ಇನ್ನೊಂದು ಇತ್ತ ಎಳೆದರೆ ಗಳೆ ಸಾಗುವುದಿಲ್ಲ. ದೇಹ ಮತ್ತು ಮನಸ್ಸನ್ನು ಒಂದೇ ನೊಗಕ್ಕೆ ಹೂಡುವುದೇ ಯೋಗ.

ಮೂಲ ಎಲ್ಲಿಯದು?

ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಪತಂಜಲಿಯ ಯೋಗಸೂತ್ರ ಎಂಟು ಅಂಗಗಳನ್ನು ಹೇಳುತ್ತದೆ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ನಾವು ಯೋಗ ಎಂದು ಕರೆಯುವ ಆಸನ ಇದರಲ್ಲಿ ಮೂರನೆಯದು ಮಾತ್ರ. ಸುಳ್ಳು ಹೇಳದಿರುವುದು, ಶುಚಿಯಾಗಿರುವುದು ಅದಕ್ಕೂ ಮೊದಲು ಬರುತ್ತವೆ.

ಇಂದು ಜಗತ್ತು ಮಾಡುತ್ತಿರುವ ಯೋಗಾಸನದಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಬಂದ ಅವರ 'ಯೋಗ ಮಕರಂದ' ಬರೆದದ್ದು ಕನ್ನಡದಲ್ಲೇ. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ, ವಿಷಮಶೀತ ಜ್ವರದಿಂದ ಸೊರಗಿದ್ದ ಹುಡುಗ ಯೋಗದಿಂದ ಚೇತರಿಸಿಕೊಂಡು, 1937ರಲ್ಲಿ ಪುಣೆಗೆ ಹೋಗಿ, ಮುಂದೆ ದೇಶ ವಿದೇಶಗಳ ಜನರಿಗೆ ಕಲಿಸಿದರು. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನವೆಂದು ಘೋಷಿಸಿತು. ಆ ನಿರ್ಣಯಕ್ಕೆ 177 ದೇಶಗಳು ಕೈಜೋಡಿಸಿದ್ದವು.

ನಮಗೇನು ಲಾಭ?

ಮುಂಜಾನೆಯಿಂದ ರಾತ್ರಿವರೆಗೆ ಗಲ್ಲಾದ ಮುಂದೆ ಕೂರುವ ಅಂಗಡಿಕಾರರು, ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದುಡಿಯುವ ನೇಕಾರರು, ಬಗ್ಗಿ ಕಬ್ಬು ಕಡಿಯುವವರು, ಎಲ್ಲರದೂ ಒಂದೇ ಮಾತು: 'ನಡಾ ಹಿಡದೈತ್ರಿ.' ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇದ್ದರೆ ಬೆನ್ನು, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ. ಆಸನಗಳು ಅವನ್ನು ನಿಧಾನವಾಗಿ ಸಡಿಲಿಸಿ ಬಲ ಕೊಡುತ್ತವೆ. ಬಹುಕಾಲದ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದ ಉಪಾಯಗಳ ಪಟ್ಟಿಯಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಯೋಗವನ್ನೂ ಸೇರಿಸಿದೆ. ನಿಧಾನ ಉಸಿರಾಟದಿಂದ ಎದೆಬಡಿತ ತಗ್ಗುತ್ತದೆ, ಮನಸ್ಸು ಹಗುರಾಗುತ್ತದೆ.

ಹೇಗೆ ಶುರು ಮಾಡಬೇಕು?

ಅಂಗಡಿ ಬಾಗಿಲು ತೆಗೆಯುವ ಮೊದಲು 20 ನಿಮಿಷ ಸಾಕು. ಖಾಲಿ ಹೊಟ್ಟೆ, ಒಂದು ಚಾಪೆ, ಗಾಳಿ ಆಡುವ ಜಾಗ ಇದ್ದರೆ ಆಯಿತು. ತಾಡಾಸನ, ಭುಜಂಗಾಸನ, ಐದಾರು ನಿಮಿಷ ಉಸಿರಾಟ, ಕೊನೆಗೆ ಶವಾಸನ. ಊಟ ಮಾಡಿದ್ದರೆ ಮೂರ್ನಾಲ್ಕು ತಾಸು ಬಿಡಿ. ನೋವಾದರೆ ಅಲ್ಲಿಗೇ ನಿಲ್ಲಿಸಿ. ಪಕ್ಕದವರಷ್ಟು ಬಗ್ಗಬೇಕೆಂಬ ಹಟ ಬೇಡ.

ಎಚ್ಚರ ಇರಲಿ

ಯೋಗ ಶುರು ಮಾಡಿದೆವೆಂದು ಬಿಪಿ, ಶುಗರ್ ಗುಳಿಗೆ ಬಿಡಬೇಡಿ. ಗುಳಿಗೆ ಕಡಿಮೆ ಮಾಡುವುದನ್ನು ವೈದ್ಯರೇ ನಿರ್ಧರಿಸಬೇಕು. ಬಿಪಿ ಹೆಚ್ಚಿದ್ದವರು, ಕಣ್ಣಿನ ಒತ್ತಡದ ತೊಂದರೆ ಇದ್ದವರು ಶೀರ್ಷಾಸನ ಮಾಡಬಾರದು. ಗರ್ಭಿಣಿಯರು, ಆಪರೇಷನ್ ಆದವರು ಕೇಳಿಕೊಂಡೇ ಮಾಡಬೇಕು. ಮೊಬೈಲ್ ವಿಡಿಯೊ ನೋಡಿ ಕಷ್ಟದ ಆಸನಕ್ಕೆ ಕೈ ಹಾಕುವ ಬದಲು ಬಲ್ಲವರ ಎದುರಿಗೆ ಕಲಿಯುವುದು ಲೇಸು.

ಯೋಗಕ್ಕೆ ರೊಕ್ಕ ಬೇಕಿಲ್ಲ, ವಯಸ್ಸಿನ ಹಂಗಿಲ್ಲ. ಬೇಕಾದದ್ದು ನಾಳೆ ಮುಂಜಾನೆ ಅರ್ಧ ತಾಸು ಮೊದಲು ಏಳುವ ಮನಸ್ಸು. ನಾಡದು ಮತ್ತೆ ಏಳಬೇಕು, ಅಷ್ಟೇ.