ಎರಡು ಸ್ಮರಣದಿನಗಳು ಮತ್ತು ನೇತ್ರದಾನ

ಮೇ ಮತ್ತು ಜೂನ್ ತಿಂಗಳುಗಳಲ್ಲಿ ಚಲನಚಿತ್ರ ಪ್ರಪಂಚಕ್ಕೆ ಸೇರಿದ ಎರಡು ಸ್ಮರಣೀಯ ದಿನಗಳು ಬರುತ್ತವೆ. ಒಂದು ಮೇ 7, ಇನ್ನೊಂದು ಜೂನ್ 22. ಮೊದಲನೆಯದು ಕನ್ನಡಿಗರ ಹೆಮ್ಮೆಯ ದಿನ. ಎರಡನೆಯದು ಈ ನಗರವು ಕೃತಜ್ಞತೆಯಿಂದ ನೆನೆಯಬೇಕಾದ ದಿನ. ಎರಡರ ನಡುವಣ ಸಂಬಂಧ ಕಣ್ಣಿನದು.

1954ರ ಮೇ 7ರಂದು ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ 'ಬೇಡರ ಕಣ್ಣಪ್ಪ' ತೆರೆಕಂಡಿತು. ಗಾಜನೂರಿನ ಮುತ್ತುರಾಜ್ ಈ ಚಿತ್ರದಿಂದ ರಾಜಕುಮಾರ್ ಎಂಬ ಹೆಸರಿನಲ್ಲಿ ನಾಡಿಗೆ ಪರಿಚಿತರಾದರು. ಅದೇ ವರ್ಷ ಈ ಕಥೆ 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿನಲ್ಲಿ ಬಂದಾಗಲೂ ಅವರೇ ಕಣ್ಣಪ್ಪನಾದರು. ಶಿವಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತಿಟ್ಟ ಬೇಡನ ಭಕ್ತಿಯನ್ನು ಪ್ರೇಕ್ಷಕರು ಕಂಬನಿಯೊಡನೆ ಕಂಡರು. 2006ರ ಏಪ್ರಿಲ್ 12ರಂದು ಆ ಮಹಾನಟ ನಿಧನರಾದಾಗ ಅವರ ಇಚ್ಛೆಯಂತೆ ಕಣ್ಣುಗಳು ದಾನವಾಗಿ ಸಂದವು. ಪಾತ್ರದಲ್ಲಿ ನೀಡಿದ್ದನ್ನು ಅವರು ನಿಜದಲ್ಲಿಯೂ ನೀಡಿದರು.

ಜೂನ್ 22 ನಿರ್ದೇಶಕ, ನಿರ್ಮಾಪಕ ಎಲ್.ವಿ. ಪ್ರಸಾದ್ ಅವರ ಪುಣ್ಯದಿನ. ಏಲೂರಿನ ಸಮೀಪದ ಹಳ್ಳಿಯಲ್ಲಿ ಜನಿಸಿದ ಅವರು 1931ರ 'ಆಲಂ ಆರಾ'ದಲ್ಲಿ ನಟಿಸಿ, ಮುಂದೆ 'ಮಿಸ್ಸಮ್ಮ'ದಂತಹ ಚಿತ್ರಗಳನ್ನು ನಿರ್ದೇಶಿಸಿ, 1994ರಲ್ಲಿ ತೀರಿಕೊಂಡರು. ಅವರ ಕುಟುಂಬದ ಉದಾರ ಕೊಡುಗೆಯ ಆಧಾರದಿಂದ ಬಂಜಾರಾ ಹಿಲ್ಸ್‌ನಲ್ಲಿ 1987ರಲ್ಲಿ ಡಾ. ಗುಳ್ಳಪಲ್ಲಿ ನಾಗೇಶ್ವರರಾವ್ ಅವರು ಸ್ಥಾಪಿಸಿದ ನೇತ್ರ ಸಂಸ್ಥೆಯು ಪ್ರಸಾದರ ಹೆಸರನ್ನು ಹೊತ್ತಿದೆ. ಅಲ್ಲಿ ನೇತ್ರ ಭಂಡಾರವೂ ಉಂಟು.

ನೇತ್ರದಾನವೆಂದರೆ ಇಡೀ ಕಣ್ಣನ್ನು ಬೇರೊಬ್ಬರಿಗೆ ಜೋಡಿಸುವುದೆಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ದೃಷ್ಟಿ ನೀಡಲು ಕಸಿ ಮಾಡುವುದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವನ್ನು. ಗಾಯದಿಂದಲೋ, ಸೋಂಕಿನಿಂದಲೋ, ಬಾಲ್ಯದ 'ಎ' ಜೀವಸತ್ವದ ಕೊರತೆಯಿಂದಲೋ ಇದು ಬೆಳ್ಳಗಾದರೆ ಬೆಳಕು ಒಳಗೆ ಹೋಗದು. ಇಂಥವರಲ್ಲಿ ಅನೇಕರಿಗೆ ದಾನಿಯ ಕಾರ್ನಿಯಾದಿಂದ ದೃಷ್ಟಿ ಮರಳಬಲ್ಲದು. ಯುರೋಪಿನ ಓಲೊಮೌಟ್ಸ್ ನಗರದಲ್ಲಿ ಎಡುವರ್ಡ್ ಝಿರ್ಮ್ ಎಂಬ ವೈದ್ಯರು 1905ರಲ್ಲಿ ಈ ಶಸ್ತ್ರಕ್ರಿಯೆಯನ್ನು ಮೊದಲ ಬಾರಿಗೆ ಯಶಸ್ವಿಯಾಗಿ ನೆರವೇರಿಸಿದರು.

ದಾನಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಕನ್ನಡಕ ಧರಿಸುವವರೂ, ಪೊರೆಯ ಶಸ್ತ್ರಕ್ರಿಯೆ ಆದವರೂ, ಮಧುಮೇಹ ಅಥವಾ ರಕ್ತದೊತ್ತಡ ಉಳ್ಳವರೂ ದಾನಿಗಳಾಗಬಹುದು. ಏಡ್ಸ್, ರೇಬೀಸ್, ಹೆಪಟೈಟಿಸ್, ರಕ್ತದ ಕ್ಯಾನ್ಸರ್ ಮುಂತಾದವುಗಳಿಂದ ಮೃತರಾದವರ ಕಣ್ಣುಗಳನ್ನು ಕಸಿಗೆ ಬಳಸುವುದಿಲ್ಲ. ಕಾರ್ಯ ಅರ್ಧ ಗಂಟೆಯೊಳಗೆ ಮುಗಿಯುತ್ತದೆ; ಮುಖ ವಿಕಾರವಾಗದು, ಅಂತ್ಯಕ್ರಿಯೆಗೂ ತಡೆಯಾಗದು.

ಆದರೆ ಕಾಲ ಕಾಯುವುದಿಲ್ಲ. ಸಾಮಾನ್ಯವಾಗಿ ಮರಣದ ಆರು ಗಂಟೆಯೊಳಗೆ ಕಾರ್ನಿಯಾವನ್ನು ಸಂಗ್ರಹಿಸಬೇಕು. ಬೇಸಿಗೆಯ ಒಣ ಹವೆಯಲ್ಲಿ ಇನ್ನೂ ಬೇಗನೆ ನಡೆದರೆ ಮೇಲು. ಕಣ್ಣುರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿಯನ್ನಿರಿಸಿ, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬು ಇಟ್ಟು ಒಡನೆಯೇ ನೇತ್ರ ಭಂಡಾರಕ್ಕೆ ದೂರವಾಣಿ ಮಾಡಬೇಕು. ಈ ನಗರದ ಕನ್ನಡ ಮನೆಗಳಲ್ಲಿ ಸಾವು ಸಂಭವಿಸಿದಾಗ ರಾಯಚೂರು, ಕಲಬುರ್ಗಿ, ಧಾರವಾಡಗಳಿಂದ ಬಂಧುಗಳು ಬರಲೆಂದು ಕಾಯುವುದು ಸಹಜ. ಅಂತ್ಯಕ್ರಿಯೆಗೆ ಕಾಯಬಹುದು, ಕಣ್ಣಿಗೆ ಕಾಯಲಾಗದು. 'ದೊಡ್ಡಣ್ಣ ಬರಲಿ, ಕೇಳೋಣ' ಎನ್ನುವಷ್ಟರಲ್ಲಿ ಇಬ್ಬರಿಗೆ ದಕ್ಕಬಹುದಾಗಿದ್ದ ದೃಷ್ಟಿ ಕೈತಪ್ಪಿಹೋಗುತ್ತದೆ.

ಆದಕಾರಣ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರೆ ಸಾಲದು. ಮರಣಾನಂತರ ಒಪ್ಪಿಗೆ ನೀಡಬೇಕಾದವರು ಮನೆಯವರು. ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು ಕುಳಿತಿರುವಾಗ ತಮ್ಮ ಇಚ್ಛೆಯನ್ನು ಬಾಯಿಬಿಟ್ಟು ಹೇಳಿಡಬೇಕು. ದೂರದ ಬಂಧುಗಳಿಗೂ ತಿಳಿಸಬೇಕು. ನೇತ್ರ ಭಂಡಾರದ ದೂರವಾಣಿ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡಬೇಕು. ಸಾವಿನ ಮಾತು ಅಶುಭವೆಂದು ಹಿಂಜರಿಯುವವರಿಗೆ ಮೇ 7 ಒಳ್ಳೆಯ ನೆಪ. ಅಂದು ಮನೆಮಂದಿಯೆಲ್ಲ 'ಬೇಡರ ಕಣ್ಣಪ್ಪ'ನನ್ನು ನೋಡಿ ಮುಗಿಸಿದ ಮೇಲೆ ಈ ಮಾತನ್ನು ಎತ್ತುವುದು ಯಾರಿಗೂ ಕಷ್ಟವಾಗಲಾರದು.