ಹಳೆಯ ಮೋಟಾರು ಕಾರಿನ ಇಂಜನ್ನು ನಿಂತಲ್ಲಿ ನಡುಗುವುದಕ್ಕೆ ಕಾರಣಗಳೂ ಪರಿಹಾರವೂ

ದಾವಣಗೆರೆಯ ಮಂಡಿಪೇಟೆಗೆ ವ್ಯಾಪಾರಾರ್ಥವಾಗಿ ಬರತಕ್ಕ ಜಮೀನುದಾರರಲ್ಲಿ ಕೆಲವರು ತಮ್ಮ ತಂದೆಯವರ ಕಾಲದ ಅಂಬಾಸಡರ್ ಅಥವಾ ಪದ್ಮಿನಿ ಕಾರನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅಂಬಾಸಡರ್ ಕಾರಿನ ತಯಾರಿಕೆಯು ಉತ್ತರಪಾರಾ ಕಾರ್ಖಾನೆಯಲ್ಲಿ ೨೦೧೪ನೆಯ ಇಸವಿಯಲ್ಲಿ ನಿಂತುಹೋಯಿತು. ಪದ್ಮಿನಿಯ ತಯಾರಿಕೆಯು ಅದಕ್ಕೂ ಮೊದಲೇ ನಿಂತಿತ್ತು. ಆದುದರಿಂದ ಈಗ ಉಳಿದಿರುವ ಗಾಡಿಗಳನ್ನು ಕಾಪಾಡಿಕೊಳ್ಳುವುದು ಮಾಲೀಕರ ತಿಳಿವಳಿಕೆಯನ್ನೇ ಅವಲಂಬಿಸಿರುತ್ತದೆ.

ಈ ಗಾಡಿಗಳ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದುಂಟು. ಹರಿಹರದಿಂದ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿ ಬಂದ ಕಾರು, ಮಂಡಿಪೇಟೆಯ ಲಾರಿಗಳ ನಡುವೆ ನಿಂತ ಕೂಡಲೆ ನಡುಗುತ್ತದೆ, ಕೆಮ್ಮುತ್ತದೆ, ಕಡೆಗೆ ನಿಂತೇಹೋಗುತ್ತದೆ. ಗಾಡಿಯು ಚಲಿಸದೆ ಇಂಜನ್ನು ಮಾತ್ರ ನಡೆಯುವ ಈ ಸ್ಥಿತಿಯನ್ನು ಮೆಕ್ಯಾನಿಕರು ಐಡ್ಲಿಂಗು ಎನ್ನುತ್ತಾರೆ. ಇಲ್ಲಿ ಮಂದಗತಿ ಎಂದು ಕರೆಯೋಣ. ದೋಷ ಕಂಡೊಡನೆ ಕಾರ್ಬೊರೇಟರಿನ ತಿರುಪನ್ನು ತಿರುಗಿಸುವುದು ಎಲ್ಲೆಡೆಯೂ ಇರುವ ರೂಢಿ. ಈ ಲೇಖನದ ಮುಖ್ಯಾಂಶವೇನೆಂದರೆ, ಆ ತಿರುಪು ಮೊದಲನೆಯ ಕೆಲಸವಲ್ಲ, ಕಟ್ಟಕಡೆಯ ಕೆಲಸ.

ಮಂದಗತಿಯಲ್ಲಿಯೇ ದೋಷವು ಕಾಣಿಸುವುದೇಕೆ? ಗಾಡಿಯು ವೇಗವಾಗಿ ಓಡುವಾಗ ಸಿಲಿಂಡರುಗಳಿಗೆ ಗಾಳಿಯೂ ಪೆಟ್ರೋಲೂ ಹೇರಳವಾಗಿ ಸೇರುತ್ತವೆ. ಅಲ್ಪಸ್ವಲ್ಪ ಕೊರತೆಯು ಆ ರಭಸದಲ್ಲಿ ಮುಚ್ಚಿಹೋಗುತ್ತದೆ. ಮಂದಗತಿಯಲ್ಲಿ ಗಾಳಿಯ ಬಾಗಿಲು ಬಹುತೇಕ ಮುಚ್ಚಿರುವುದರಿಂದ ಒಳಗೆ ಹೋಗುವ ಮಿಶ್ರಣವು ಬಹಳ ಸ್ವಲ್ಪ, ಒಳಗಿನ ಸೆಳೆತವು ಬಹಳ ಹೆಚ್ಚು. ಕೂದಲೆಳೆಯಷ್ಟು ಬಿರುಕಿನಿಂದ ನುಗ್ಗುವ ಗಾಳಿ, ಒಂದು ಬಲಹೀನವಾದ ಕಿಡಿ, ಕಸ ಸೇರಿದ ಒಂದು ಸಣ್ಣ ರಂಧ್ರ, ಇವುಗಳಲ್ಲಿ ಯಾವುದಾದರೊಂದೇ ಇಂಜನ್ನನ್ನು ಅಲುಗಾಡಿಸಲು ಸಾಕು. ಆದಕಾರಣ ಪರೀಕ್ಷೆಯನ್ನು ಕ್ರಮವಾಗಿ ಮಾಡತಕ್ಕದ್ದು.

ಒಂದನೆಯದು ಕಿಡಿ. ಇಂಜನ್ನನ್ನು ನಿಲ್ಲಿಸಿ ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಆ ತಂತಿಗೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಅದರ ಲೋಹಭಾಗವನ್ನು ಪೆಟ್ರೋಲಿನ ಕೊಳವೆಗಳಿಂದ ದೂರದಲ್ಲಿ ಇಂಜನ್ನಿಗೆ ತಾಗುವಂತೆ ಭದ್ರವಾಗಿ ಇರಿಸಿ, ಮತ್ತೆ ಇಂಜನ್ನನ್ನು ಚಾಲೂ ಮಾಡಬೇಕು. ನಡುಗು ಹೆಚ್ಚಿದರೆ ಆ ಸಿಲಿಂಡರು ಅದುವರೆಗೆ ಕೆಲಸ ಮಾಡುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸವಾಗದಿದ್ದರೆ ದೋಷವಿರುವುದು ಅದರಲ್ಲಿಯೇ. ನಾಲ್ಕು ಸಿಲಿಂಡರುಗಳನ್ನೂ ಹೀಗೆ ಒಂದೊಂದಾಗಿ ನೋಡಬೇಕು. ದೋಷವುಳ್ಳ ಸಿಲಿಂಡರಿನ ಪ್ಲಗ್ಗನ್ನು ನೆರೆಯದರೊಂದಿಗೆ ಅದಲುಬದಲು ಮಾಡಿದಾಗ ದೋಷವೂ ಸ್ಥಳ ಬದಲಿಸಿದರೆ, ಹೊಸ ಪ್ಲಗ್ಗಿನಿಂದಲೇ ಕೆಲಸವು ತೀರುತ್ತದೆ. ಪ್ಲಗ್ಗಿನ ತುದಿಯು ಬಿಸ್ಕತ್ತಿನ ಬಣ್ಣಕ್ಕಿದ್ದರೆ ಒಳ್ಳೇದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳುಪಾಗಿದ್ದರೆ ಕಡಮೆ, ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ನಿನ ಬಳೆಗಳೋ ವಾಲ್ವಿನ ಮಾರ್ಗವೋ ಸವೆದಿದೆ. ಈ ಹಳೆಯ ಇಂಜನ್ನುಗಳಲ್ಲಿ ಪ್ಲಗ್ಗಿನ ಅಂತರವು ಸಾಮಾನ್ಯವಾಗಿ ೦.೬ ಮಿಲಿಮೀಟರು, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಅಂತರವು ಸುಮಾರು ೦.೪ ಮಿಲಿಮೀಟರು. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ.

ಎರಡನೆಯದು ಕಳ್ಳಗಾಳಿ. ಇಂಜನ್ನು ಚೆನ್ನಾಗಿ ಕಾದಮೇಲೆ ಚೋಕನ್ನು ಸ್ವಲ್ಪ ಎಳೆದು ನೋಡಿರಿ. ನಡುಗು ತಗ್ಗಿದರೆ ಮಿಶ್ರಣದಲ್ಲಿ ಗಾಳಿಯು ಹೆಚ್ಚಾಗಿದೆ ಎಂದು ತಿಳಿಯತಕ್ಕದ್ದು. ಆಗ ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡಿನ ಕೂಡುಗಳು, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಸೆಳೆತದ ಕೊಳವೆ, ಇವುಗಳನ್ನು ಪರೀಕ್ಷಿಸಬೇಕು. ಇಂಜನ್ನು ತಣ್ಣಗಿರುವಾಗ ಚಾಲೂ ಮಾಡಿ ಅನುಮಾನದ ಕೂಡಿನ ಮೇಲೆ ಒಂದೆರಡು ತೊಟ್ಟು ಇಂಜನ್ ಎಣ್ಣೆಯನ್ನು ಬಿಟ್ಟರೆ, ಬಿರುಕಿದ್ದ ಪಕ್ಷದಲ್ಲಿ ಇಂಜನ್ನಿನ ದನಿಯು ಕ್ಷಣಕಾಲ ಬದಲಾಗುತ್ತದೆ. ಎಣ್ಣೆಗೆ ಬದಲಾಗಿ ಪೆಟ್ರೋಲನ್ನು ಎರಚುವುದು ಬೆಂಕಿಗೆ ದಾರಿ. ಹಾಗೆ ಎಂದಿಗೂ ಮಾಡಕೂಡದು.

ಮೂರನೆಯದು ಪೆಟ್ರೋಲು. ಈ ವಿಷಯವು ನಮ್ಮ ಸೀಮೆಯ ಬೇಸಾಯಕ್ಕೂ ಸಂಬಂಧಪಟ್ಟದ್ದು. ಶೇಕಡಾ ೨೦ ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ೨೦೨೩ನೆಯ ಇಸವಿ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಪ್ರಾರಂಭೋತ್ಸವವಾಯಿತು. ೨೦೨೫ರ ವೇಳೆಗೆ ಅದು ದೇಶದಲ್ಲೆಲ್ಲಾ ಬಳಕೆಗೆ ಬಂದಿತು. ಎಥನಾಲೆಂದರೆ ಕಬ್ಬು, ನುಚ್ಚಕ್ಕಿ, ಮೆಕ್ಕೆಜೋಳ ಮುಂತಾದವುಗಳಿಂದ ಇಳಿಸಿದ ಮದ್ಯಸಾರ. ದಾವಣಗೆರೆ ಜಿಲ್ಲೆಯು ಮೆಕ್ಕೆಜೋಳಕ್ಕೆ ಹೆಸರಾದದ್ದು. ಆದ್ದರಿಂದ ಬೆಳೆಗಾರರಿಗೆ ಇದೊಂದು ಹೊಸ ಗಿರಾಕಿಯನ್ನು ತಂದಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದಾಗ್ಯೂ ಅದೇ ಬೆಳೆಗಾರನ ಹಳೆಯ ಕಾರು ಈ ಇಂಧನಕ್ಕಾಗಿ ಮಾಡಿದ್ದಲ್ಲ.

ಇದರಿಂದ ಆಗತಕ್ಕ ತೊಂದರೆಗಳು ಮೂರು. ಒಂದು ತೂಕ ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ೧೪.೭ ತೂಕ ಗಾಳಿ ಬೇಕು. ಎಥನಾಲಿಗೆ ಸುಮಾರು ೯ ಸಾಕು. ಶೇಕಡಾ ೨೦ರ ಮಿಶ್ರಣಕ್ಕೆ ಸುಮಾರು ೧೩.೫ ಆಗುತ್ತದೆ. ಹೊಸ ಗಾಡಿಗಳ ಯಂತ್ರವು ಈ ವ್ಯತ್ಯಾಸವನ್ನು ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರಿಗೆ ಆ ಅರಿವಿಲ್ಲ. ಆದ್ದರಿಂದ ಅದರಲ್ಲಿ ನೂರಕ್ಕೆ ಏಳೆಂಟರಷ್ಟು ಗಾಳಿಯು ಹೆಚ್ಚಾಗಿಬಿಡುತ್ತದೆ. ಎರಡನೆಯ ತೊಂದರೆಯೆಂದರೆ, ಎಥನಾಲು ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಈ ನೀರು ಮಿತಿಮೀರಿದರೆ, ನೀರೂ ಎಥನಾಲೂ ಕೂಡಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಇಂಜನ್ನಿಗೆ ಮೊದಲು ಹೋಗುವುದು ಆ ತಳದ ಭಾಗವೇ. ಮೂರನೆಯದು ಅಪಾಯಕರವಾದದ್ದು. ಹಳೆಯ ಮಾದರಿಯ ರಬ್ಬರು ಕೊಳವೆಗಳೂ ಪಂಪಿನ ಪೊರೆಯೂ ಎಥನಾಲಿನಿಂದ ಉಬ್ಬಿ, ಮೆತ್ತಗಾಗಿ, ಬಿರುಕು ಬಿಡುತ್ತವೆ. ಬಿಸಿ ಇಂಜನ್ನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲು ಗಾಡಿಯನ್ನೂ ಅದು ನಿಂತ ಹುಲ್ಲಿನ ಕೊಟ್ಟಿಗೆಯನ್ನೂ ಸುಟ್ಟೀತು.

ಪರಿಹಾರವು ಕಷ್ಟವಾದದ್ದಲ್ಲ. ಬಹುದಿನ ನಿಂತ ಗಾಡಿಯ ಹಳೆಯ ಪೆಟ್ರೋಲನ್ನು ಹೊರಗೆ ಬಯಲಿನಲ್ಲಿ ಬಸಿದು ಹೊಸದನ್ನು ತುಂಬಿಸಿರಿ. ಎಥನಾಲಿಗೆ ತಡೆಯುವ ಕೊಳವೆಗಳೆಂದು ಕೇಳಿ ಕೊಂಡು ಎಲ್ಲವನ್ನೂ ಬದಲಾಯಿಸಿರಿ. ಸೋಸುವ ಫಿಲ್ಟರನ್ನು ಹೊಸದಾಗಿ ಹಾಕಿರಿ. ಕಾರ್ಬೊರೇಟರಿನಲ್ಲಿ ಮಂದಗತಿಗೆಂದೇ ಇರುವ ಸಣ್ಣ ಜೆಟ್ಟಿನಲ್ಲಿ ಅಂಟು ಕಟ್ಟಿದ್ದರೆ ಅದನ್ನು ಕಳಚಿ ಗಾಳಿಯಿಂದ ಊದಿ ಶುಚಿಮಾಡಬೇಕೇ ಹೊರತು ತಂತಿಯಿಂದ ಚುಚ್ಚಕೂಡದು. ರಂಧ್ರವು ದೊಡ್ಡದಾದರೆ ಜೆಟ್ಟು ನಿರುಪಯೋಗ.

ನಾಲ್ಕನೆಯದು ಸಿಲಿಂಡರಿನ ಒತ್ತಡ. ಮೇಲಿನ ಮೂರರಲ್ಲಿಯೂ ದೋಷವಿಲ್ಲದೆ ಒಂದೇ ಸಿಲಿಂಡರು ಸೋತಿದ್ದರೆ ಒತ್ತಡವನ್ನು ಅಳೆಯಿಸಬೇಕು. ಕಡಮೆಯಿದ್ದಲ್ಲಿ ಒಂದು ಚಮಚ ಎಣ್ಣೆಯನ್ನು ಪ್ಲಗ್ಗಿನ ರಂಧ್ರದಿಂದ ಹಾಕಿ ಮತ್ತೆ ಅಳೆದಾಗ ಒತ್ತಡವು ಏರಿದರೆ ಬಳೆಗಳು ಸವೆದಿವೆ. ಏರದಿದ್ದರೆ ದೋಷವು ವಾಲ್ವಿನದಾಗಿರುವ ಸಂಭವವೇ ಹೆಚ್ಚು. ಸೀಸ ಬೆರೆಸಿದ ಪೆಟ್ರೋಲನ್ನು ೨೦೦೦ನೆಯ ಇಸವಿಯಲ್ಲಿ ದೇಶದಲ್ಲೆಲ್ಲಾ ನಿಲ್ಲಿಸಲಾಯಿತು. ಜನರ ಆರೋಗ್ಯಕ್ಕೆ ಅದು ಅವಶ್ಯವಾಗಿತ್ತು. ಆದರೆ ಹಳೆಯ ಇಂಜನ್ನುಗಳ ಮೆದು ವಾಲ್ವು ಪೀಠಗಳಿಗೆ ಆ ಸೀಸವೇ ರಕ್ಷೆಯಾಗಿತ್ತು. ಪೀಠವು ಸವೆದಂತೆಲ್ಲಾ ವಾಲ್ವಿನ ಅಂತರವು ಕಡಮೆಯಾಗಿ, ವಾಲ್ವು ಪೂರಾ ಮುಚ್ಚದೆ ಸುಟ್ಟುಹೋಗುತ್ತದೆ. ಆದುದರಿಂದ ಅಂತರವನ್ನು ಆಗಾಗ್ಗೆ ಅಳೆಯಿಸುವುದು ಲೇಸು. ಸವೆದ ಪೀಠಕ್ಕೆ ಗಟ್ಟಿಯಾದ ಉಂಗುರವನ್ನು ಕೂಡಿಸುವ ಕೆಲಸವು ಅಳತೆ ಬಲ್ಲ ಯಂತ್ರಾಗಾರಕ್ಕೆ ಸೇರಿದ್ದು. ೧೯೪೧ರಲ್ಲಿ ಸ್ಥಾಪಿತವಾಗಿ ಲೇತು ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಕಂಡ ಹರಿಹರದ ಸೀಮೆಯವರಿಗೆ ಈ ಮಾತನ್ನು ವಿವರಿಸಬೇಕಾದ್ದಿಲ್ಲ.

ಇಷ್ಟೂ ಆದಮೇಲೆ ಕಾರ್ಬೊರೇಟರಿನ ತಿರುಪು. ಸೋಲೆಕ್ಸ್ ಮಾದರಿಯಲ್ಲಿ ಮಿಶ್ರಣದ ತಿರುಪನ್ನು ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ ಸುತ್ತುಗಳನ್ನೆಣಿಸಿ ಬರೆದುಕೊಂಡು, ಇದ್ದ ಸ್ಥಾನಕ್ಕೆ ತರಬೇಕು. ಇಂಜನ್ನು ಕಾದಮೇಲೆ ಕಾಲುಸುತ್ತಿಗಿಂತ ಕಡಮೆಯಾಗಿ ಹೊರಕ್ಕೂ ಒಳಕ್ಕೂ ತಿರುಗಿಸುತ್ತಾ, ಇಂಜನ್ನು ಅತ್ಯಂತ ಸಮವಾಗಿ ನಡೆಯುವ ಸ್ಥಾನದಲ್ಲಿ ಬಿಡಬೇಕು. ಈಗಿನ ಪೆಟ್ರೋಲಿಗೆ ಮೊದಲಿಗಿಂತ ಸ್ವಲ್ಪ ಹೊರಗಿನ ಸ್ಥಾನವು ಬೇಕಾಗಬಹುದು. ಅನಂತರ ವೇಗದ ತಿರುಪಿನಿಂದ ಮಂದಗತಿಯನ್ನು ನಿಮಿಷಕ್ಕೆ ಸುಮಾರು ೭೦೦ ಸುತ್ತುಗಳಿಗೆ ಇಳಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಈ ಪರೀಕ್ಷೆಗಳಲ್ಲಿ ಯಾವುದನ್ನೂ ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿಯಾಗಲಿ ಗೋದಾಮಿನಲ್ಲಿಯಾಗಲಿ ಮಾಡಲೇಕೂಡದು. ಇಂಜನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು ಬಂದ ಕೆಲವೇ ನಿಮಿಷಗಳಲ್ಲಿ ಮನುಷ್ಯನು ಎಚ್ಚರ ತಪ್ಪಿ ಬೀಳಬಹುದು. ಪೆಟ್ರೋಲಿನಿಂದ ನಡೆಯುವ ಸಣ್ಣ ಪಂಪುಗಳಿಗೂ ಜನರೇಟರುಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಗ್ರಾಮದ ಯಜಮಾನರು ಈ ಒಂದು ಅಂಶವನ್ನಾದರೂ ತಮ್ಮ ಊರಿನ ಚಾಲಕರಿಗೂ ಆಳುಗಳಿಗೂ ತಪ್ಪದೆ ತಿಳಿಸಬೇಕಾಗಿ ಪ್ರಾರ್ಥನೆ.